ನಿಮಗಿದು ಗೊತ್ತೆ? ಎಂಜಿನ್ ಮುರಿಯಲು ಎರಡು ದೊಡ್ಡ ಚಮಚ ನೀರು ಸಾಕು!

ಕೆಸರುಹಾದಿಯಲ್ಲಿ ಹಳ್ಳ ದಾಟುವ ಜೀಪಿನ ಎಂಜಿನ್ನಿಗೆ ಅತಿದೊಡ್ಡ ಅಪಾಯ ಬರುವುದು ಮೈಗೆ ತಗುಲುವ ನೀರಿನಿಂದಲ್ಲ, ಗಾಳಿ ಎಳೆದುಕೊಳ್ಳುವ ಕೊಳವೆಯ ಮೂಲಕ ಸಿಲಿಂಡರಿನೊಳಕ್ಕೆ ನುಗ್ಗುವ ನೀರಿನಿಂದ. ನಾಲ್ಕು ಸಿಲಿಂಡರುಗಳ 2,000 ಸಿಸಿ ಡೀಸೆಲ್ ಎಂಜಿನ್ನಿನಲ್ಲಿ ಸಂಕೋಚನ ಅನುಪಾತ, ಅಂದರೆ ಪಿಸ್ಟನ್ ಮೇಲೇರಿದಾಗ ಒಳಗಿನ ಗಾಳಿ ಎಷ್ಟು ಪಟ್ಟು ಕುಗ್ಗುತ್ತದೆಂಬ ಲೆಕ್ಕ, 17:1 ಇದ್ದರೆ, ಪ್ರತಿ ಸಿಲಿಂಡರಿನಲ್ಲಿ ಕೊನೆಗೆ ಉಳಿಯುವ ಜಾಗ ಸುಮಾರು 31 ಮಿಲಿಲೀಟರ್ ಮಾತ್ರ. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ, ಅದಕ್ಕಿಂತ ಹೆಚ್ಚು ನೀರು ಸೇರಿದೊಡನೆ ಪಿಸ್ಟನ್ ನಡುವೆಯೇ ತಡೆದು ನಿಂತು, ಅದನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಉಕ್ಕಿನ ಕನೆಕ್ಟಿಂಗ್ ರಾಡ್ ಬಾಗಬಹುದು, ವೇಗ ಹೆಚ್ಚಿದ್ದರೆ ಮುರಿಯಲೂಬಹುದು. ಇದನ್ನೇ ‘ಹೈಡ್ರೋಲಾಕ್’ ಎನ್ನುತ್ತಾರೆ.

ನೀರಿನ ನಡುವೆ ನಿಂತುಹೋದ ಎಂಜಿನ್ನನ್ನು ಗಾಬರಿಯಿಂದ ಮತ್ತೆ ಸ್ಟಾರ್ಟ್ ಮಾಡುವುದು ಉಳಿಸಬಹುದಾಗಿದ್ದ ಯಂತ್ರವನ್ನು ಕೈಯಾರೆ ಕೆಡಿಸಿದಂತೆ. ವಾಹನವನ್ನು ಎಳೆದು ಹೊರತಂದು, ಏರ್ ಫಿಲ್ಟರ್ ಒದ್ದೆಯಾಗಿದೆಯೇ ಎಂದು ನೋಡಿ, ಡೀಸೆಲ್ ಎಂಜಿನ್ನಿನಲ್ಲಿ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್, ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೀರನ್ನು ಹೊರಹಾಕುವುದೇ ಸರಿಯಾದ ಕ್ರಮ.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಹಾನಿ ಆಕ್ಸಲ್‌ನಲ್ಲಿ ನಡೆಯುತ್ತದೆ. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗಿಳಿದಾಗ ಅದರೊಳಗಿನ ಗಾಳಿ ತಣಿದು ಕುಗ್ಗುತ್ತದೆ. ಆ ಸೆಳೆತಕ್ಕೆ ಸಿಕ್ಕ ಕೆಸರುನೀರು ಸವೆದ ಸೀಲುಗಳ ಸಂದಿನಿಂದಲೂ, ಬ್ರೀದರ್ ಎಂಬ ಗಾಳಿಕಿಂಡಿಯಿಂದಲೂ ಒಳಸೇರಿ, ಗೇರ್ ಎಣ್ಣೆಯನ್ನು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿಸುತ್ತದೆ. ಅಂಥ ಎಣ್ಣೆಯನ್ನು ತಡಮಾಡದೆ ಬದಲಿಸದಿದ್ದರೆ ಬೇರಿಂಗುಗಳು ತುಕ್ಕು ಹಿಡಿದು ಸವೆಯತೊಡಗುತ್ತವೆ.