ಕುದಿಸಿದರೂ ಹೋಗದ ವಿಷ

ನಮ್ಮ ಶಾಲೆಯ ಮಕ್ಕಳನ್ನು ಒಮ್ಮೆ ಮುನಿರಾಬಾದಿಗೆ, ತುಂಗಭದ್ರಾ ಅಣೆಕಟ್ಟು ತೋರಿಸಲು ಕರೆದೊಯ್ದಿದ್ದೆವು. ಹಿನ್ನೀರಿನ ಅಂಚಿನಲ್ಲಿ ನೀರು ಹಸಿರು ಬಣ್ಣ ಕಲಸಿಟ್ಟಂತಿತ್ತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಬಾಟಲಿಯಲ್ಲಿ ತುಂಬಿಕೊಂಡು ಬಂದು, "ಟೀಚರ್, ಇದನ್ನ ಕುದಿಸಿದ್ರ ಕುಡೀಬಹುದೇನ್ರಿ?" ಎಂದು ಕೇಳಿದಳು.

ಕುದಿಸಿ ಸೋಸಿದರೆ ಯಾವ ನೀರೂ ಶುದ್ಧವಾಗುತ್ತದೆ ಎಂಬ ಧೈರ್ಯದಲ್ಲೇ ನಾವೆಲ್ಲ ಅಡುಗೆಮನೆ ನಡೆಸುತ್ತೇವೆ. ಆದರೆ ತಾವರಗೇರಾದ ಸಹೋದರಿಯರಿಗೆ ಈ ಮಾತು ಪೂರ್ತಿ ನಿಜವಲ್ಲವೆಂದು ತಿಳಿದಿರಬೇಕು. ನಮ್ಮ ಕುಷ್ಟಗಿ ತಾಲ್ಲೂಕಿನ ಕೊಳವೆಬಾವಿಗಳ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಪಾಚಿಯ ವಿಷವೂ ಬೆಂಕಿಗೆ ಬಗ್ಗುವುದಿಲ್ಲ.

ಕರಾವಳಿಯವರು ಇದನ್ನು ಒಂದು ಸಾವಿನಿಂದ ಕಲಿಯಬೇಕಾಯಿತು. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆಯಲ್ಲಿ (ಆಗಿನ್ನೂ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ, ಆದದ್ದು 1984ರಲ್ಲಿ) ಅಳಿವೆಯ ಮರುವಾಯಿ ತಿಂದು ಒಬ್ಬ ಬಾಲಕ ತೀರಿಕೊಂಡ. ಹಲವರು ಆಸ್ಪತ್ರೆ ಸೇರಿದರು. ಮರುವಾಯಿ ಎಂದರೆ ಎರಡು ಚಿಪ್ಪುಗಳೊಳಗೆ ಬದುಕುವ ಪುಟ್ಟ ಜೀವಿ. ನಮ್ಮ ಕಡೆ ಇದರ ಪರಿಚಯವಿಲ್ಲ. ಅಲ್ಲಿ ಕಾಯಿತುರಿ ಹಾಕಿ ಸುಕ್ಕ ಮಾಡುತ್ತಾರೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಕರುಣಾಸಾಗರ್ ದಂಪತಿ ಮತ್ತು ಸಂಗಡಿಗರು ಈ ಘಟನೆಯನ್ನು ಅಧ್ಯಯನ ಮಾಡಿ 1984ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು. ಸಾವಿಗೆ ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ತಯಾರಿಸುವ ವಿಷ.

ಮರುವಾಯಿ ದಿನವಿಡೀ ನೀರನ್ನು ಸೋಸಿ ಪಾಚಿ ತಿನ್ನುತ್ತದೆ. ವಿಷ ಅದರ ಮಾಂಸದಲ್ಲಿ ಶೇಖರವಾದರೂ ಅದು ಆರಾಮವಾಗಿ ಬದುಕಿರುತ್ತದೆ. ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗುವುದಿಲ್ಲ. ತಿಂದವರಿಗೆ ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ತುಟಿ, ನಾಲಿಗೆ ಜುಮ್ಮೆನ್ನುತ್ತವೆ, ಬೆರಳುಗಳು ಮರಗಟ್ಟುತ್ತವೆ. ವಿಷ ಹೆಚ್ಚಾದರೆ ಉಸಿರಾಟದ ಸ್ನಾಯುಗಳೇ ನಿಂತುಬಿಡುತ್ತವೆ. ಇದಕ್ಕೆ ಪ್ರತಿವಿಷ ಇಲ್ಲ. ಕೃತಕ ಉಸಿರಾಟ ಕೊಟ್ಟು, ವಿಷ ಇಳಿಯುವವರೆಗೆ ಕಾಯಬೇಕು. ಆದ್ದರಿಂದ ತುಟಿ ಜುಮ್ಮೆಂದಾಗಲೇ ಆಸ್ಪತ್ರೆಗೆ ಓಡಬೇಕು, ಮನೆಮದ್ದಿನಲ್ಲಿ ಕಾಲ ಕಳೆಯಬಾರದು. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಇಂಥದೇ ಚಿಪ್ಪುಜೀವಿ ತಿಂದು ಏಳು ಮಂದಿ ಸತ್ತರು.

ಗೃಹಿಣಿಯ ಕಣ್ಣು, ಮೂಗು, ಒಲೆ ಮೂರೂ ಸೋಲುವ ಕಡೆ ಪರೀಕ್ಷೆಯೊಂದೇ ದಾರಿ. ಸಮುದ್ರದ ನೀರನ್ನು ಆಗಾಗ ತಂದು, ಯಾವ ಜಾತಿಯ ಪಾಚಿ ಎಷ್ಟಿದೆ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಚಿಪ್ಪಿನ ಮಾಂಸದಲ್ಲಿ ವಿಷವನ್ನು ಅಳೆಯುತ್ತಾರೆ. ಒಂದು ಕಿಲೋ ಮಾಂಸದಲ್ಲಿ 0.8 ಮಿಲಿಗ್ರಾಂ ದಾಟಿದರೆ ಮಾರುವಂತಿಲ್ಲ ಎಂಬುದು ಅಂತಾರಾಷ್ಟ್ರೀಯ ಮಿತಿ. ಹಿಂದೆ ಮಾಂಸದ ರಸವನ್ನು ಇಲಿಗೆ ಚುಚ್ಚಿ, ಅದು ಎಷ್ಟು ನಿಮಿಷದಲ್ಲಿ ಸಾಯುತ್ತದೆಂದು ನೋಡುತ್ತಿದ್ದರು. ಈಗ ಯಂತ್ರಗಳಿವೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದ ಚಿತ್ರಗಳಿಂದ, ಕಡಲಿನಲ್ಲಿ ಎಲ್ಲಿ ಪಾಚಿ ಹಬ್ಬಿದೆ ಎಂದು ಮಾಹಿತಿ ಕೊಡುತ್ತದೆ. ಆದರೆ ಉಪಗ್ರಹಕ್ಕೆ ಕಾಣುವುದು ನೀರಿನ ಬಣ್ಣ, ವಿಷವಲ್ಲ. ದೋಣಿಯಲ್ಲಿ ಹೋಗಿ ಬಾಟಲಿಯಲ್ಲಿ ನೀರು ತರುವ ಕೆಲಸ ತಪ್ಪುವುದಿಲ್ಲ.

ಇನ್ನು ನಮ್ಮ ತುಂಗಭದ್ರೆ. ಇತ್ತೀಚಿನ ವರ್ಷಗಳಲ್ಲಿ ಹಿನ್ನೀರು ಹಸಿರಾದ ಸುದ್ದಿ ಮತ್ತೆ ಮತ್ತೆ ಬಂದಿದೆ. ಹೊಲಗಳ ಗೊಬ್ಬರ, ಊರುಗಳ ಚರಂಡಿ ನೀರು ನಿಂತ ನೀರಿಗೆ ಸೇರಿ, ಬಿಸಿಲು ಬಿದ್ದರೆ ಪಾಚಿಗೆ ಹಬ್ಬ. ಹಸಿರಾದದ್ದೆಲ್ಲ ವಿಷವಲ್ಲ. ಮಾತ್ರೆ ಮಾಡಿ ಮಾರುವ ಸ್ಪಿರುಲಿನಾ ಕೂಡ ನೀಲಿ-ಹಸಿರು ಪಾಚಿಯೇ! ಆದರೆ ಇದೇ ಗುಂಪಿನ ಕೆಲವು ಪಾಚಿಗಳು ಯಕೃತ್ತಿಗೆ ಹಾನಿ ಮಾಡುವ ವಿಷ ತಯಾರಿಸುತ್ತವೆ. ಅಂಥ ನೀರನ್ನು ಕುದಿಸಿದರೆ ಪಾಚಿಯ ಕೋಶ ಒಡೆದು ವಿಷ ನೀರಿಗೇ ಇಳಿಯುತ್ತದೆ. ಲೀಟರಿಗೆ ಒಂದು ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು ಅದು!

2019ರಲ್ಲಿ ಆರಂಭವಾದ ಜಲಜೀವನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ಕಲಿಸುವ ಏರ್ಪಾಡಿದೆ. ಫ್ಲೋರೈಡ್, ನೈಟ್ರೇಟ್ ಮುಂತಾದವನ್ನು ಅದು ತೋರಿಸುತ್ತದೆ, ಪಾಚಿಯ ವಿಷವನ್ನಲ್ಲ. ಅದಕ್ಕೆ ದೊಡ್ಡ ಪ್ರಯೋಗಾಲಯವೇ ಬೇಕು. ನಲ್ಲಿಯಲ್ಲಿ ಹಸಿರು ನೀರು ಬಂದರೆ ಕುದಿಸುತ್ತ ಕೂರದೆ ಪಂಚಾಯತಿಗೆ ತಿಳಿಸಿ, ಪರೀಕ್ಷೆ ಮಾಡಿಸಿರೆಂದು ಕೇಳಬೇಕು. ಅಲ್ಲಿಯವರೆಗೆ ಬೇರೆ ನೀರು ಕುಡಿಯಬೇಕು, ದನಕರುಗಳಿಗೂ ಅದನ್ನು ಕುಡಿಸಬಾರದು.

ಹುಡುಗಿಯ ಬಾಟಲಿಯನ್ನು ತರಗತಿಯ ಕಿಟಕಿಯಲ್ಲಿಟ್ಟಿದ್ದೆವು. ನಾಲ್ಕನೆಯ ದಿನ ಮೇಲೆ ದಪ್ಪ ಹಸಿರು ಕೆನೆ ಕಟ್ಟಿತ್ತು. "ಕೆಳಗಿನ ನೀರು ತಿಳಿ ಅದ ನೋಡ್ರಿ ಟೀಚರ್" ಎಂದಳು. ಆ ತಿಳಿನೀರಿನ ಬಗ್ಗೆಯೇ ಅವತ್ತು ಒಂದು ಪೀರಿಯಡ್ ಪೂರ್ತಿ ಮಾತಾಡಿದೆ.