ಹಳೆಯ ಡೀಸಲ್ ಲಾರಿಯ ಬ್ಯಾಟರಿಯು ಪದೇ ಪದೇ ಬರಿದಾಗುವುದೇಕೆ?

ಸುಗ್ಗಿಯ ಕಾಲದಲ್ಲಿ ಸರಕು ಹೇರಿದ ಲಾರಿಯು ಮುಂಜಾನೆ ಹೊರಡದಿದ್ದರೆ ಪೇಟೆಯ ಬೆಲೆಯು ಕೈತಪ್ಪುವುದು. ಇಂತಹ ಸಂದರ್ಭದಲ್ಲಿ ಅನೇಕರು ಕಾರಣವನ್ನರಸದೆ ಹೊಸ ಬ್ಯಾಟರಿಯನ್ನೇ ಕೊಳ್ಳುವರು. ದೋಷವು ಬೇರೆಡೆಯಲ್ಲಿದ್ದರೆ ಅದೂ ಬಹುಬೇಗನೆ ಕೆಡುವುದು.

ಮೊದಲು ಧ್ರುವಗಳ ಕಿಲುಬನ್ನು ತೆಗೆದು, ತಂತಿಗಳನ್ನು ಬಿಗಿಮಾಡತಕ್ಕದ್ದು. ದ್ರವವು ಕಡಿಮೆಯಾಗಿದ್ದರೆ ಬಟ್ಟಿಯಿಳಿಸಿದ ನೀರನ್ನು ಮಾತ್ರ ಹಾಕಬೇಕು, ಆಮ್ಲವನ್ನು ಸೇರಿಸಕೂಡದು.

ಪೂರ್ಣವಾಗಿ ತುಂಬಿದ 12 ವೋಲ್ಟ್ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟನ್ನು ತೋರುವುದು. ಎಂಜಿನು ನಡೆಯುವಾಗ ಇದು 13.8ರಿಂದ 14.4ರವರೆಗೆ ಏರದಿದ್ದರೆ, ಪಟ್ಟಿಯು ಸಡಿಲವಾಗಿದೆಯೇ, ಆಲ್ಟರ್ನೇಟರು ಕೆಟ್ಟಿದೆಯೇ ಎಂದು ಪರೀಕ್ಷಿಸಬೇಕು.

ಏರಿದರೂ ನಿಂತಲ್ಲೇ ಬರಿದಾದರೆ ವಿದ್ಯುತ್ತು ಸೋರುತ್ತಿರಬಹುದು. ದೀಪಾದಿಗಳನ್ನೆಲ್ಲ ಆರಿಸಿ, ಋಣಧ್ರುವದ ತಂತಿಯನ್ನು ಕಳಚಿ, ನಡುವೆ ಆಮ್ಮೀಟರನ್ನು ಜೋಡಿಸತಕ್ಕದ್ದು. ಆಗ ಎಂಜಿನನ್ನು ತಿರುಗಿಸಕೂಡದು. ಅರ್ಧ ಆಂಪಿಯರ್ ಸೋರಿದರೂ ದಿನಕ್ಕೆ 12 ಆಂಪಿಯರ್-ಗಂಟೆಗಳಾಗಿ, 100 ಆಂಪಿಯರ್-ಗಂಟೆಯ ಬ್ಯಾಟರಿಯು ಎಂಟೊಂಬತ್ತು ದಿನಗಳಲ್ಲಿ ಬರಿದಾಗುವುದು. ಫ್ಯೂಸುಗಳನ್ನು ಒಂದೊಂದಾಗಿ ತೆಗೆದಾಗ ಯಾವುದರಿಂದ ಮುಳ್ಳು ಇಳಿಯುವುದೋ ಆ ಮಾರ್ಗದಲ್ಲಿಯೇ ದೋಷವಿದೆ.

ಎರಡು ಬ್ಯಾಟರಿಗಳುಳ್ಳ 24 ವೋಲ್ಟ್ ಲಾರಿಯಲ್ಲಿ ಒಂದರಿಂದಲೇ ರೇಡಿಯೋ ನಡೆಸಿದರೆ ಅದು ಬರಿದಾಗಿ, ಇನ್ನೊಂದು ಅತಿಯಾಗಿ ತುಂಬಿ, ಎರಡೂ ಕೆಡುವುವು.

ಬ್ಯಾಟರಿಯಿಂದ ಸ್ಫೋಟಕ ಅನಿಲವು ಹೊಮ್ಮುವುದರಿಂದ ಬೀಡಿ, ದೀಪಗಳನ್ನು ಸಮೀಪಕ್ಕೆ ತರಕೂಡದು.