ಸೊನ್ನೆಯ ಎಡಬಲಕ್ಕೆ ವಾಲಿದ ಮುಳ್ಳು

ಮೋಟಾರು ಯುಗದ ಆರಂಭದಲ್ಲಿ ಪೆಟ್ರೋಲ್ ಕಾರಿಗೆ ಕರೆಂಟ್ ಅಳೆಯುವ ಅಗತ್ಯ ಅಷ್ಟಾಗಿ ಇರಲಿಲ್ಲ. ಹ್ಯಾಂಡಲ್ ಹೊಡೆದು ಎಂಜಿನ್ ಎಬ್ಬಿಸುತ್ತಿದ್ದರು; ದೀಪಗಳು ಅಸಿಟಿಲಿನ್ ಅನಿಲ ಇಲ್ಲವೇ ಸೀಮೆಎಣ್ಣೆಯಿಂದ ಉರಿಯುತ್ತಿದ್ದವು. 1912ರ ಮಾದರಿಯ ಕ್ಯಾಡಿಲಾಕ್ ಈ ಸ್ಥಿತಿಯನ್ನು ಬದಲಿಸಿತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಅದರಲ್ಲಿತ್ತು. ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಅದು 'ಸೆಲ್ಫ್'. ಸೆಲ್ಫ್ ಹೊಡೆಯಲು ಬ್ಯಾಟರಿ ಬೇಕು, ಬ್ಯಾಟರಿ ತುಂಬಲು ಡೈನಮೋ ಬೇಕು. ಇವುಗಳ ಜಮಾಖರ್ಚು ತೋರಿಸಲು ಆಂಪಿಯರ್ ಮೀಟರ್ ಡ್ಯಾಶ್‌ಬೋರ್ಡಿಗೆ ಬಂತು.

ಫೋರ್ಡ್ ಮಾಡೆಲ್ ಟಿ 1919ರಲ್ಲಿ ಸೆಲ್ಫ್ ಪಡೆದಾಗ ಅದರ ಡ್ಯಾಶ್‌ಬೋರ್ಡಿನಲ್ಲಿ ಕೂತ ಮೀಟರ್ ಇದೊಂದೇ. ವೇಗ ತೋರಿಸುವ ಮೀಟರ್ ಇಲ್ಲ, ಪೆಟ್ರೋಲ್ ಎಷ್ಟಿದೆ ಎಂದು ಹೇಳುವ ಮುಳ್ಳೂ ಇಲ್ಲ! ಮಧ್ಯದಲ್ಲಿ ಸೊನ್ನೆ, ಎರಡೂ ಬದಿಗೆ 20 ಆಂಪಿಯರ್‌ವರೆಗೆ ಗೆರೆಗಳು. ಎಂಜಿನ್ ನಿಂತಿರುವಾಗ ದೀಪ ಹಾಕಿದರೆ ಮುಳ್ಳು ಮೈನಸ್ ಕಡೆಗೆ ವಾಲುತ್ತದೆ. ಎಂಜಿನ್ ವೇಗ ಹಿಡಿದರೆ ಕಟೌಟ್ ಎಂಬ ಸ್ವಯಂಚಾಲಿತ ಸ್ವಿಚ್ ಕೂಡಿಕೊಂಡು ಡೈನಮೋದ ಕರೆಂಟ್ ಬ್ಯಾಟರಿಗೆ ಹರಿಯುತ್ತದೆ. ಮುಳ್ಳು ಪ್ಲಸ್ ಕಡೆಗೆ ಏಳುತ್ತದೆ. ಸೆಲ್ಫ್ ಎಳೆಯುವ ಭಾರಿ ಕರೆಂಟ್ ಮಾತ್ರ ಈ ಮೀಟರಿನ ಮೂಲಕ ಹೋಗುವುದಿಲ್ಲ, ಅದಕ್ಕೆ ಬೇರೆ ದಪ್ಪ ಕೇಬಲ್.

ಅಂದಿನ ಡೈನಮೋಗಳಿಗೆ ಬ್ಯಾಟರಿ ತುಂಬಿತೇ ಇಲ್ಲವೇ ಎಂಬುದು ತಿಳಿಯುತ್ತಿರಲಿಲ್ಲ. ಒಳಗಿನ ಮೂರನೆಯ ಬ್ರಷ್ಷನ್ನು ಸರಿಸಿ ಎಷ್ಟು ಆಂಪಿಯರ್‌ಗೆ ಹೊಂದಿಸಿದ್ದರೋ ಹೆಚ್ಚುಕಡಿಮೆ ಅಷ್ಟನ್ನೇ ಸುರಿಯುತ್ತಿದ್ದವು. ಹೀಗಾಗಿ ದೂರ ಪ್ರಯಾಣದಲ್ಲಿ ಬ್ಯಾಟರಿಯ ನೀರು ಕುದಿದು ಆರದಿರಲೆಂದು ಚಾಲಕರು ಹಗಲಲ್ಲೂ ಹೆಡ್‌ಲೈಟ್ ಹಾಕಿಕೊಂಡು ಹೋಗುತ್ತಿದ್ದುದುಂಟು. ಮೀಟರ್ ನೋಡಿ ತೀರ್ಮಾನಿಸಬೇಕಾದವನು ಚಾಲಕನೇ.

ಬ್ಯಾಟರಿ ತುಂಬಿದಂತೆ ಕರೆಂಟ್ ತಗ್ಗಿಸುವ ವೋಲ್ಟೇಜ್ ರೆಗ್ಯುಲೇಟರ್ 1930ರ ದಶಕದಲ್ಲಿ ಹರಡಿದ ಮೇಲೆ ಮುಳ್ಳಿನ ಅರ್ಥವೇ ಬೇರೆಯಾಯಿತು. ಈಗಲೂ ಹಳೆಯ ಕಾರು ಕೊಂಡವರು ಎಡವುವುದು ಇಲ್ಲಿಯೇ. ಓಡುತ್ತಿರುವ ಕಾರಿನಲ್ಲಿ ಮುಳ್ಳು ಸೊನ್ನೆಗಿಂತ ತುಸು ಮೇಲೆ ನಿಂತರೆ ಡೈನಮೋ ಕೆಟ್ಟಿದೆ ಎಂದು ಗಾಬರಿಯಾಗುತ್ತಾರೆ. ವಾಸ್ತವದಲ್ಲಿ ಅದು ಆರೋಗ್ಯದ ಗುರುತು: ಬ್ಯಾಟರಿ ತುಂಬಿದೆ, ಹೆಚ್ಚಿನದು ಬೇಡವೆನ್ನುತ್ತಿದೆ. ಗಂಟೆಗಟ್ಟಲೆ ಓಡಿದರೂ ಮುಳ್ಳು ಪ್ಲಸ್ ತುದಿಯಲ್ಲೇ ಅಂಟಿಕೊಂಡಿದ್ದರೆ ಆಗ ಚಿಂತಿಸಬೇಕು.

1960ರ ಮಾದರಿಯ ವ್ಯಾಲಿಯಂಟ್‌ನಲ್ಲಿ ಕ್ರೈಸ್ಲರ್ ಕಂಪನಿ ಡೈನಮೋ ಬಿಟ್ಟು ಆಲ್ಟರ್ನೇಟರ್ ಕೂರಿಸಿತು. ಎಂಜಿನ್ ನಿಧಾನಕ್ಕೆ ತಿರುಗುತ್ತಿದ್ದರೂ ಅದು ಚಾರ್ಜ್ ಮಾಡಬಲ್ಲದು. ಮುಂದಿನ ವರ್ಷಗಳಲ್ಲಿ ಏರ್‌ಕಂಡಿಷನರ್‌ನಂಥ ಸೌಕರ್ಯಗಳು ಸೇರಿ ಕರೆಂಟಿನ ಬಳಕೆ ಏರಿತು. ಆದರೆ ಹಳೆಯ ಕ್ರಮದ ಆಂಪಿಯರ್ ಮೀಟರ್‌ನ ಮೈಯೊಳಗಿಂದಲೇ ಆ ಕರೆಂಟ್ ಹಾದುಹೋಗಬೇಕು. ಎಂಜಿನ್ ಕೋಣೆಯಿಂದ ಡ್ಯಾಶ್‌ಬೋರ್ಡಿಗೆ ಬಂದು ಹಿಂತಿರುಗುವ ದಪ್ಪ ವೈರು, ನಡುವೆ ಜೋಡಣೆಗಳು. ಒಂದು ಸಡಿಲವಾದರೂ ಅಲ್ಲಿ ಕಾವು ಏರಿ ಪ್ಲಾಸ್ಟಿಕ್ ಕರಗುತ್ತಿತ್ತು.

ವೋಲ್ಟ್ ಮೀಟರ್‌ಗೆ ಈ ತೊಂದರೆಯಿಲ್ಲ. ಸಣ್ಣ ವೈರು ಸಾಕು, ಹಾದುಹೋಗುವ ಕರೆಂಟೂ ಅತ್ಯಲ್ಪ. 12 ವೋಲ್ಟ್ ಕಾರಿನಲ್ಲಿ, ಎಂಜಿನ್ ನಿಂತಾಗ ತುಂಬಿದ ಬ್ಯಾಟರಿ ಸುಮಾರು 12.6 ತೋರಿಸುತ್ತದೆ, ಓಡುವಾಗ 14ರ ಆಸುಪಾಸು. 15 ದಾಟಿದರೆ ರೆಗ್ಯುಲೇಟರ್ ಮೇಲೆ ಸಂಶಯಪಡಬೇಕು. 1970ರ ದಶಕದಲ್ಲಿ ಒಂದೊಂದೇ ಕಾರು ವೋಲ್ಟ್ ಮೀಟರಿಗೆ ಒಲಿಯಿತು. ಹಲವು ಕಾರುಗಳಲ್ಲಿ ಮುಳ್ಳೇ ಇಲ್ಲದೆ ಬರೀ ಕೆಂಪು ದೀಪ ಉಳಿಯಿತು. ಚಾರ್ಜಿಂಗ್ ಕೆಟ್ಟ ಮೇಲಷ್ಟೇ ಅದು ಹೇಳುತ್ತದೆ, ಕೆಡುತ್ತಿರುವಾಗ ಹೇಳುವುದಿಲ್ಲ.

ಇಂದು ಹಳೆಯ ಕ್ರೈಸ್ಲರ್‌ಗಳನ್ನು ದುರಸ್ತಿ ಮಾಡುವವರಲ್ಲಿ ಹಲವರು ಆಲ್ಟರ್ನೇಟರ್‌ನಿಂದ ನೇರ ಬ್ಯಾಟರಿಗೆ ದಪ್ಪ ವೈರು ಎಳೆದು, ಅದಕ್ಕೊಂದು ಫ್ಯೂಸ್ ಹಾಕುತ್ತಾರೆ. ಮೀಟರಿನ ಹಳೆಯ ಮುಖವನ್ನು ಹಾಗೆಯೇ ಉಳಿಸಿ, ಒಳಗೆ ವೋಲ್ಟ್ ಮೀಟರಿನ ಯಂತ್ರ ಕೂರಿಸುವವರೂ ಇದ್ದಾರೆ.